ಪ್ರಿಂಟರಿಗೆ ಇಟ್ಟ ಕುಂಕುಮ

ನನ್ನ ಹಳೆಯ ವಿದ್ಯಾರ್ಥಿನಿ ಶಶಿರೇಖ ಚಿನ್ನದ ಗಣಿಯೂರಿನ ಕೋರಮಂಡಲ್ ಬಡಾವಣೆಯಲ್ಲಿ ಬೆಳೆದವಳು, ಕಾರ್ಖಾನೆಯ ಫಿಟ್ಟರ್ ಒಬ್ಬರ ಮಗಳು. ರಾಬರ್ಟ್‌ಸನ್‌ಪೇಟೆಯ ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅವಳಿಗೆ ನಯವಾಗಿ ಮಾತಾಡಲು ಬಾರದು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಹಸುಗಳು ರೋಗ ತಗಲಿ ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು. ಸತ್ತ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಬಾಚಿದವರಿಗೂ ಆ ರೋಗ ತಗಲುತ್ತದೆ. ಬಸುರಿಯಾದರೆ ಗರ್ಭವೇ ಹೋಗಬಹುದು. ಹೀಗೆ ಕಂದು ಹಾಕಿಸುವ ಹಲವು ರೋಗಗಳನ್ನು ಒಮ್ಮೆಗೇ ಪತ್ತೆ ಮಾಡುವ ಪರೀಕ್ಷಾ ಪಟ್ಟಿಗಳ ಬೆಲೆ ಹಾಲಿನವರ ಕೈಗೆ ಎಟುಕುವುದಿಲ್ಲ. ಶಶಿರೇಖ ಕಾಲೇಜಿನ ಹಳೆಯ ಇಂಕ್‌ಜೆಟ್ ಪ್ರಿಂಟರಿನ ಕಾರ್ಟ್ರಿಜ್‌ಗಳನ್ನು ತೊಳೆದು, ಶಾಯಿಯ ಬದಲು ಒಂದೊಂದಕ್ಕೆ ಒಂದೊಂದು ರೋಗಾಣುವಿನ ನಿರ್ಜೀವ ಸಾರ ತುಂಬಿದಳು. ಯಂತ್ರ ಅದನ್ನು ಕಾಗದದಂಥ ಪೊರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಅಚ್ಚು ಹಾಕಿತು. ಹಸುವಿನ ರಕ್ತದ ತಿಳಿ ಹನಿಸಿ ದ್ರಾವಣ ಹಾಕಿದರೆ, ಬಣ್ಣ ತಿರುಗಿದ ಚುಕ್ಕಿ ರೋಗದ ಗುರುತು.

ಅಲ್ಲಿನ ಒಂದು ಹಳ್ಳಿಯ ಮುನಿಸ್ವಾಮಪ್ಪನ ಕೊಟ್ಟಿಗೆಯಲ್ಲಿ ಒಂದು ಹಸು ಕಂದು ಹಾಕಿತ್ತು, ಇನ್ನೊಂದು ಗಬ್ಬವಾಗಿತ್ತು. ಈಯಿಸುವ ಕೆಲಸ ಸೊಸೆ ಕಲ್ಪನಳದು. ಅವಳೂ ಬಸುರಿ. ಶಶಿರೇಖ ಆ ಗಬ್ಬದ ಹಸುವಿನ ರಕ್ತ ತಂದಿಟ್ಟಳು. ಹಬ್ಬದ ರಜೆ ಮುಗಿದ ಕೂಡಲೇ ಪಟ್ಟಿ ಅಚ್ಚು ಹಾಕುವುದಿತ್ತು.

ಆಯುಧಪೂಜೆಗೆ ಕಾಲೇಜಿನ ಕಾರ್ಯದರ್ಶಿ ಮುನೀಂದ್ರ ಲ್ಯಾಬಿನ ಬೀಗ ತೆಗೆಸಿದ. ಪ್ರಿಂಟರಿನ ಮುಚ್ಚಳ ಎತ್ತಿ ಅರಿಶಿನದ ನೀರು ಚಿಮುಕಿಸಿ, ಕಾರ್ಟ್ರಿಜ್‌ಗಳಿಗೆಲ್ಲ ಕುಂಕುಮ ಇಡಿಸಿದ. ಹನಿ ಉಗುಳುವ, ಕೂದಲಿಗಿಂತ ಸಣ್ಣ ತೂತುಗಳು ಕಟ್ಟಿಕೊಂಡವು.

"ಯಾರು ಸಾರ್ ಇದನ್ನ ಮುಟ್ಟಿದ್ದು?" ರಜೆ ಮುಗಿಸಿ ಬಂದ ಶಶಿರೇಖ ಮುನೀಂದ್ರನನ್ನು ಕೇಳಿದಳು.

"ದೇವರ ಕೆಲಸ ಕಣಮ್ಮ. ಕುಂಕುಮ ಇಟ್ರೆ ಮಿಷನ್ ಕೆಡ್ತದಾ?"

"ನಿಮ್ಮ ಕಾರಿನ ಪೆಟ್ರೋಲ್ ಟ್ಯಾಂಕಿಗೂ ಒಂದು ಬಟ್ಟಲು ಸುರೀಲಾ?"

ಪೂಜೆಯ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಏನು ಮಾಡುತ್ತದೆಂದು ಕೇಳದೆಯೇ ಅದಕ್ಕೆ ಕೈಮುಗಿಯುವ ಸೋಮಾರಿತನಕ್ಕೆ ಮಾತ್ರ ಕ್ಷಮೆಯಿಲ್ಲ.

ಶಶಿರೇಖ ಬಸ್ಸು ಹಿಡಿದು ಮುನಿಸ್ವಾಮಪ್ಪನ ಹಳ್ಳಿಗೆ ಹೋದಳು. ದಿನ ತುಂಬದ ಹಸು ಆಗಲೇ ನೋವು ತಿನ್ನುತ್ತಿತ್ತು. ಕಲ್ಪನ ಸೆರಗು ಸಿಕ್ಕಿಸಿ ನಿಂತಿದ್ದಳು.

"ಒಳಗೆ ಕಾಲಿಡಬೇಡ ಕಲ್ಪನ."

"ನಿನ್ ಚುಕ್ಕಿ ಏನ್ ಏಳ್ತು ಮೇಡಮ್ಮಾ?" ಎಂದ ಮುನಿಸ್ವಾಮಪ್ಪ.

"ಏನೂ ಹೇಳಿಲ್ಲ. ಮಿಷನ್ ಹಾಳಾಯ್ತು."

"ಅಂಗಾರೆ ಸುಮ್ಕಿರು. ಇದು ಎಂಗಸ್ರ ಕೆಲ್ಸ, ನಾನ್ ಮುಟ್ಟಾಕಿಲ್ಲ."

"ಡೈರಿ ಮುಂದೆ ಮೀಸೆ ತಿರುವೋದು ಮಾತ್ರ ಗಂಡಸರ ಕೆಲಸವಾ ಮುನಿಸ್ವಾಮಣ್ಣ?"

ಬ್ಯಾಗಿನಿಂದ ಕೈಗವಸು, ಮಾಸ್ಕು ತೆಗೆದು ಅವನ ಎದೆಗೆ ಒತ್ತಿದಳು. ಕಲ್ಪನಳನ್ನು ಜಗಲಿಗೆ ಅಟ್ಟಿ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ಮುನಿಸ್ವಾಮಪ್ಪ ತೆಲುಗಿನಲ್ಲಿ ಬೈಯುತ್ತ ಕೈಗವಸು ಏರಿಸಿದ.

ಕರು ಸತ್ತೇ ಬಿತ್ತು. ಅವನು ಅದನ್ನೂ ಮಾಸನ್ನೂ ಹಿತ್ತಿಲಲ್ಲಿ ಸುಣ್ಣ ಹಾಕಿ ಹೂಳುವವರೆಗೂ ಶಶಿರೇಖ ಕಲ್ಪನಳಿಗೆ ಬಾಗಿಲು ಬಿಡಲಿಲ್ಲ.