ಗೌಜಿನ ಬಿಡಾರ

ಬಾಡಿಗೆ ಮನೆ ಕೇಳಲು ಹೋದಾಗ ಮಾಲಕರು ಮೊದಲು ನಮ್ಮ ಮುಖ ನೋಡುವುದಿಲ್ಲ, ಸೆರಗಿನ ಹಿಂದೆ ನೋಡುತ್ತಾರೆ. ಅಲ್ಲಿ ಎಷ್ಟು ತಲೆ ಇಣುಕುತ್ತಿವೆ ಎಂಬುದರ ಮೇಲೆ ಮನೆ ಖಾಲಿ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ನನ್ನ ಹಿಂದೆ ಮೂರು ತಲೆಗಳಿದ್ದವು. ಕಾರವಾರದಲ್ಲಿ ಖಾಲಿ ಇದ್ದ ಎಷ್ಟೋ ಮನೆಗಳು ನನ್ನನ್ನು ಕಂಡೊಡನೆ ಭರ್ತಿಯಾದವು.

ಎಂಬತ್ತರ ದಶಕದ ಕೊನೆಯ ಮಾತಿದು. ನನ್ನ ಗಂಡನಿಗೆ ಕಾರವಾರದ ಬೈತಖೋಲ ಬಂದರಿನಲ್ಲಿ ಹಡಗಿಗೆ ಮಾಲು ತುಂಬುವ ಕೆಲಸ ಸಿಕ್ಕಿತ್ತು. ಅದಕ್ಕಾಗಿ ಅಂಕೋಲೆ ಹತ್ತಿರದ ಬೊಬ್ರುವಾಡ ಬಿಟ್ಟು ಬಂದೆವು. ಹಳೆಯ ಮನೆಯೊಂದರ ಮಾಳಿಗೆಯಲ್ಲಿ ನಾವು, ಕೆಳಗೆ ಮಾಲಕರು ಮತ್ತು ಅವರ ಹೆಂಡತಿ. ನಡುವೆ ಇದ್ದದ್ದು ಬರೀ ಮರದ ಹಲಗೆ. ಗದ್ದೆಯ ಆಚೆ ಬದಿಯಿಂದ ಅಮ್ಮನನ್ನು ಕರೆದು ಬೆಳೆದ ಮಕ್ಕಳ ದನಿ ಪೇಟೆಗೆ ಬಂದರೂ ಸಣ್ಣದಾಗಲಿಲ್ಲ. ದಿನವಿಡೀ ಯಂತ್ರಗಳ ಸದ್ದಿನ ಮೇಲೆ ಕೂಗಿ ಬರುತ್ತಿದ್ದ ಅವರಪ್ಪ ಉಪ್ಪು ಕೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಇನ್ನು "ಸುಮ್ನಿರ್ರೋ!" ಎಂಬ ನನ್ನ ಕೂಗು ಮೂವರ ಗಲಾಟೆಗಿಂತ ಜೋರಾಗಿತ್ತೆಂದು ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಮಾಲಕರು ಕೆಮ್ಮುತ್ತಾ ಮೆಟ್ಟಿಲು ಹತ್ತಿ ಬಂದರು. ಕೂರಿ ಎಂದರೆ ಕೂರಲಿಲ್ಲ.

"ತಂಗಿ, ನಾನು ಕೆಟ್ಟವ ಅಲ್ಲ. ನಮ್ಮನೆಯವಳಿಗೆ ತಲೆಶೂಲೆ. ನಿಮ್ಮ ಮಕ್ಳು ಓಡಿದ್ರೆ ಅವಳ ತಲೆ ಮೇಲೇ ಓಡಿದ ಹಾಗಾಗ್ತದೆ. ಬೇರೆ ಬಿಡಾರ ನೋಡ್ಕಳಿ."

"ಇನ್ನು ಸದ್ದು ಮಾಡೂದಿಲ್ಲ ಮಾಲಕ್ರೆ, ನಾ ಹೇಳ್ತೆ ಅವಕ್ಕೆ" ಎಂದೆ. ಸರಿ, ನೋಡೋಣ ಎಂಬಂತೆ ಅವರು ತಲೆ ಅಲ್ಲಾಡಿಸಿ ಇಳಿದು ಹೋದರು.

ಮರುದಿನದಿಂದ ನಮ್ಮ ಮನೆಯಲ್ಲಿ ಎಲ್ಲರೂ ಕಳ್ಳರ ಹಾಗೆ ನಡೆದೆವು. ಮಕ್ಕಳು ಕಬಡ್ಡಿಯನ್ನೂ ಪಿಸುದನಿಯಲ್ಲಿ ಆಡಿದರು. ಉಸಿರು ಬಿಗಿಹಿಡಿದು "ಕಬಡ್ಡಿ ಕಬಡ್ಡಿ" ಎಂದು ಪಿಸುಗುಟ್ಟುತ್ತಾ ತುದಿಗಾಲಲ್ಲಿ ಗೆರೆ ದಾಟುವುದನ್ನು ನೋಡಿ ಮೊದಲು ನಗು ಬಂತು. ಸಣ್ಣವಳು ಬಿದ್ದು ಮೊಣಕಾಲು ತರಚಿಕೊಂಡಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಗ ನಗು ನಿಂತಿತು. ನಾವೇ ಗಂಟುಮೂಟೆ ಕಟ್ಟಿದೆವು.

ಬೇರೆ ಮನೆ ಸಿಗಲಿಲ್ಲ. ಗಂಡ ಬೈತಖೋಲದಲ್ಲಿ ಜತೆಗಾರರ ಕೋಣೆಯಲ್ಲಿ ಉಳಿದರು. ಮಕ್ಕಳನ್ನು ಕರೆದುಕೊಂಡು ನಾನು ಬೊಬ್ರುವಾಡಕ್ಕೆ ಮರಳಿದೆ. ಅಲ್ಲಿ ಎಷ್ಟು ಬೇಕಾದರೂ ಕೂಗಬಹುದಿತ್ತು, ಕೇಳಲು ಅಪ್ಪ ಇರಲಿಲ್ಲ. ಸಣ್ಣವಳು ವಾರದ ಸುದ್ದಿಯನ್ನೆಲ್ಲ ಅವರಿಗೆಂದು ಕೂಡಿಟ್ಟು, ಶನಿವಾರ ಅವರು ಬರುವಷ್ಟರಲ್ಲಿ ಅರ್ಧ ಮರೆತಿರುತ್ತಿದ್ದಳು. ನಾನೂ ಅಷ್ಟೇ. ಇಡೀ ವಾರ ಮನಸ್ಸಿನಲ್ಲಿ ಅವರೊಡನೆ ಜಗಳವಾಡಿ, ಅವರು ಬಸ್ಸಿಳಿದು ಬರುವುದು ಕಂಡರೆ ಮೀನು ಹುರಿಯಲು ಓಡುತ್ತಿದ್ದೆ. ಆ ಮಳೆಗಾಲ ಮುಗಿಯುವುದೇ ಇಲ್ಲವೇನೋ ಅನ್ನಿಸಿತ್ತು.

ಮಳೆ ಹಿಂದಾದ ಮೇಲೆ, ಕಾರವಾರದ ದಕ್ಷಿಣಕ್ಕಿರುವ ತೋಡೂರಿನಲ್ಲಿ ಒಂದು ಬಿಡಾರ ಇದೆಯೆಂದು ಗಂಡ ಸುದ್ದಿ ತಂದರು. ಮಾಲಕಿ ಹೊನ್ನಕ್ಕ. ತಮ್ಮ ಗಂಡ ತೀರಿದ ಮೇಲೆ ಒಬ್ಬರೇ ಗದ್ದೆ ಮಾಡಿಕೊಂಡಿದ್ದರು. ಈ ಸಲ ನಾನೇ ಮಕ್ಕಳನ್ನು ಮುಂದೆ ನಿಲ್ಲಿಸಿ, "ಮೂರು ಅದಾವೆ ಅಕ್ಕ, ಈಗ್ಲೇ ನೋಡ್ಕಳಿ" ಎಂದೆ.

"ಬೊಬ್ಬೆ ಹೊಡಿತವಾ?"

ನಾನು ತಲೆ ತಗ್ಗಿಸಿದೆ. "ಹೊಡಿತವೆ."

"ಹಾಂಗಾದ್ರೆ ಇವತ್ತೇ ಬನ್ನಿ ಮಾರಾಯ್ತಿ! ಭತ್ತ ಹಾಲುಗಟ್ಟೂಕೆ ಹತ್ತಿದೆ, ಗಿಣಿ ಹಿಂಡು ಹಿಂಡಾಗಿ ಬತ್ತವೆ. ನಂಗೆ ಒಬ್ಳಿಗೆ ಕೂಗಿ ಕೂಗಿ ಗಂಟ್ಲು ಬಿದ್ದೋಗಿದೆ."

ಕನ್ನಡದಲ್ಲಿ ಸದ್ದಿಗೆ ಹೆಸರು ಬಹಳ. ಕಾರವಾರದ ಮಾಲಕರಿಗೆ ಅದು ಗಲಾಟೆ, ಹೊನ್ನಕ್ಕನಿಗೆ ಗೌಜು, ಹಬ್ಬದ ಮನೆಯ ಸಡಗರ. ಅದೇ ಮಕ್ಕಳು, ಅದೇ ಗಂಟಲು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮೂವರೂ ಗದ್ದೆಯ ಅಂಚಿನಲ್ಲಿ ನಿಂತು "ಹೋ!" ಎಂದು ಒರಲಿದರೆ ಹಸಿರು ಹಿಂಡು ಭರ್ರೆಂದು ಏಳುತ್ತಿತ್ತು. ಸಂಜೆ ಬಸ್ಸಿಳಿದ ಗಂಡನ ದನಿ ರಸ್ತೆಯಿಂದಲೇ ಕೇಳುತ್ತಿತ್ತು. ಆ ದನಿ ಕೇಳಿಯೇ ನಾನು ಒಲೆಯ ಮೇಲೆ ಚಾ ಇಡುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಅಷ್ಟು ನಿಶ್ಚಿಂತೆಯಿಂದ ಇದ್ದದ್ದು ಅಲ್ಲಿಯೇ.

ಕಾರವಾರದಲ್ಲಿ ಕಟ್ಟಲಿದ್ದ ನೌಕಾನೆಲೆಗೆ ತೋಡೂರಿನ ಜಾಗವೂ ಹೋಗುತ್ತದೆ ಎಂಬ ಮಾತು ಬಹಳ ವರ್ಷ ಮಾತಾಗಿಯೇ ಇತ್ತು. ಕೊನೆಗೆ ಅದು ನಿಜವಾಯಿತು. ಈ ಸಲ ಬಿಡಾರ ಬಿಡಬೇಕಾದವರು ನಾವಷ್ಟೇ ಅಲ್ಲ, ಮಾಲಕಿಯೂ. ಸಾಮಾನು ಹೊರಗಿಟ್ಟ ಮೇಲೆ ಹೊನ್ನಕ್ಕ ಗದ್ದೆಯ ಕಡೆ ಹೋದರು. ಪೈರಿರಲಿಲ್ಲ, ಗಿಣಿಯೂ ಇರಲಿಲ್ಲ. ಆದರೂ ಎರಡು ಕೈ ಬಾಯಿಗಿಟ್ಟು ಉದ್ದಕ್ಕೆ ಕೂಗಿದರು. ಅಷ್ಟರಲ್ಲಿ ನನಗಿಂತ ಎತ್ತರ ಬೆಳೆದಿದ್ದ ಮಕ್ಕಳು ಹೋಗಿ ಅವರ ಪಕ್ಕ ನಿಂತರು.

ನಾವು ಅಂಕೋಲೆಗೆ ಬಂದೆವು. ಹೊನ್ನಕ್ಕನಿಗೆ ನಿರಾಶ್ರಿತರ ಹೊಸ ಕಾಲೊನಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆ. ಈಗಲೂ ಸುಗ್ಗಿಯ ದಿನಗಳಲ್ಲಿ ಎಲ್ಲಾದರೂ ಗಿಣಿ ಕೂಗಿದರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ.

ಮೊನ್ನೆ ಹೊನ್ನಕ್ಕ ಹೇಳದೆ ಕೇಳದೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. "ಏನ ಬಂದ್ರಿ ಅಕ್ಕ?" ಎಂದೆ.

"ಅಲ್ಲಿ ನನ್ನ ಮಾತು ದೊಡ್ಡದಂತೆ, ಪಕ್ಕದಮನೆಯವ್ರಿಗೆ ನಿದ್ದೆ ಬರೂದಿಲ್ವಂತೆ. ಹೊಟ್ಟೆ ತುಂಬ ಮಾತಾಡ್ವಾ ಅಂತ ಬಂದೆ."

ಜಗಲಿಯಲ್ಲಿ ಕೂತು ಅವರು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ನಮ್ಮ ಪಕ್ಕದ ಮನೆಯ ಕಿಟಕಿ ಪಟ್ಟೆಂದು ಮುಚ್ಚಿಕೊಂಡಿತು. ನಾನು ಹೊನ್ನಕ್ಕನ ಲೋಟಕ್ಕೆ ಇನ್ನಷ್ಟು ಚಾ ಸುರಿದು, "ಆಮೇಲೆ ಏನಾಯ್ತು?" ಎಂದು ನನ್ನ ಜೋರು ದನಿಯಲ್ಲೇ ಕೇಳಿದೆ.