ಒದ್ದೆ ಕಲ್ಲಿಗೆ ಸಕ್ಕರೆ

ತುಮಕೂರಿನ ಶಿರಾ ಗೇಟ್ ಹತ್ತಿರ ರಸ್ತೆ ಬದಿಯಲ್ಲಿ ಮತ್ತೆ ಗುಂಡಿ ತೋಡಿದ್ದಾರೆ. ಚರಂಡಿಗೋ ಕೇಬಲ್ಲಿಗೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಭಾನುವಾರ ಬೆಳಗ್ಗೆ ಕುಣಿಗಲ್ ಬಸ್ಸಿಗೆ ಹೊರಟವಳು ಸೀರೆ ಎತ್ತಿ ಹಿಡಿದು ಆ ಗುಂಡಿಯ ಅಂಚಿನಲ್ಲಿ ದಾಟುವಾಗ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಆಳದ ಮಣ್ಣಿನ ತಣ್ಣನೆಯ ವಾಸನೆ. ಅದರಿಂದ ನನಗೆ ನೆನಪಾದದ್ದು ಒಂದು ಕಂಪ್ಯೂಟರ್ ಆಟ. ನಗಬೇಡಿ. ಆಟಕ್ಕೆ ವಾಸನೆ ಇರುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಾನು ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಸಿದ್ದಪ್ಪ ತಾತ, ವಯಸ್ಸಿನಲ್ಲಿ ಸುತ್ತಮುತ್ತಲ ಊರುಗಳಿಗೆಲ್ಲ ಬಾವಿ ತೋಡಿಕೊಟ್ಟವರು. ಅವರು ಮಾತಾಡಿದರೆ ಮಣ್ಣಿನ ವಾಸನೆ ತಾನಾಗಿ ಬರುತ್ತಿತ್ತು.

ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಚೆನ್ನಾಗಿ ತೆಗೆಯುತ್ತೇನೆಂಬ ಜಂಬವೂ ಇತ್ತು. ಮೂರು ವರ್ಷದ ಹಿಂದೆ ಗುಬ್ಬಿ ರಸ್ತೆಯಲ್ಲಿ ಸ್ಕೂಟಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ನಾಯಿ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಹತ್ತಿರ ಯಾಕೆ ಸುಳ್ಳು, ನಾಯಿ ಪಾಪ ಅಂಗಡಿ ಕಟ್ಟೆಯ ಮೇಲೆ ಮಲಗಿತ್ತು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತವಳು ನನ್ನ ಗಂಡನಿಗೆ ಸಾಕುಬೇಕು ಮಾಡಿರಬೇಕು. ಅವರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಜೊತೆಗಾರರೊಬ್ಬರನ್ನು ಕೇಳಿಕೊಂಡು ಬಂದು, ಲ್ಯಾಪ್‌ಟಾಪಿಗೆ ಈ ಆಟ ಹಾಕಿಕೊಟ್ಟರು. "ಎಡಗೈಯಲ್ಲಿ ಮೌಸ್ ಹಿಡ್ಕೊಂಡು ಆಡ್ತಾ ಇರು. ನನ್ ತಲೆ ತಿನ್ನೋದಾದ್ರೂ ಕಮ್ಮಿ ಆಗುತ್ತೆ" ಎಂದರು.

ಆಟ ಇಷ್ಟು. ಏಳು ಜನ ಕುಳ್ಳರು ಒಂದು ಗುಡ್ಡದ ಬುಡಕ್ಕೆ ಬಂದು ಇಳಿಯುತ್ತಾರೆ. ಗುಡ್ಡದ ಒಳಗೆ ಅಗೆದು ಅವರಿಗೊಂದು ಕೋಟೆ ಮಾಡಬೇಕು. ಉಗ್ರಾಣ, ಅಡುಗೆಮನೆ, ಮಲಗುವ ಕೋಣೆ ಎಲ್ಲ. ಅಗೆಯುವುದು ನಾವಲ್ಲ. ಎಲ್ಲಿ ಅಗೆಯಬೇಕೆಂದು ನಾವು ಗುರುತು ಹಾಕುತ್ತೇವೆ, ಪಿಕಾಸಿ ಇರುವ ಕುಳ್ಳ ಬಂದು ಅಗೆಯುತ್ತಾನೆ. ಮೊದಮೊದಲು ಅವನಿಗೆ ಒಂದು ಚೌಕ ಬಂಡೆ ಒಡೆಯುವುದರಲ್ಲಿ ನಾನು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಆದರೆ ಪ್ರತಿ ಚೌಕಕ್ಕೂ ಅವನಿಗೆ ಒಂದಿಷ್ಟು ಕಸುಬು ಕೈಗೆ ಹತ್ತುತ್ತದೆ. ಅದು ಕೂಡುತ್ತ ಕೂಡುತ್ತ ಹೆಸರಿನ ಪಕ್ಕದ ಬಿರುದು ಬದಲಾಗುತ್ತದೆ. ಇವತ್ತು ಕಲಿಯುತ್ತಿರುವವನು, ಆಮೇಲೆ ಪಳಗಿದವನು, ಕೊನೆಗೆ ಜಗತ್ತೇ ಕೊಂಡಾಡುವ ಮಹಾ ಅಗೆತಗಾರ. ಆ ಮಟ್ಟಕ್ಕೆ ಬಂದವನು ಮುಂದೆ ನಡೆದಂತೆ ಬಂಡೆ ದಾರಿ ಬಿಡುತ್ತದೆ. ಇದಕ್ಕೆ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅಗೆಯುವುದನ್ನು ಕಲಿಯಬೇಕಾದರೆ ಅಗೆಯಬೇಕು, ಅಷ್ಟೇ.

ಸಿದ್ದಪ್ಪ ತಾತ ಪಕ್ಕದ ಮನೆ ಶಿವಮ್ಮನ ಅಪ್ಪ. ಸಿ.ಎಸ್. ಪುರದಿಂದ ಕಣ್ಣಿನ ಆಪರೇಷನ್ನಿಗೆಂದು ಬಂದವರು ಮಗಳ ಮನೆಯಲ್ಲೇ ಉಳಿದಿದ್ದರು. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಬಂದವರು ಪರದೆಯ ಮುಂದೆ ಬಗ್ಗಿದರು.

"ಏನವ್ವಾ ಇದು, ಇರುವೆ ಗೂಡಾ?"

"ಕೋಟೆ ತಾತ. ಅಗೀತಾ ಇದಾರೆ."

"ಯಾರು ಮೇಸ್ತ್ರಿ?"

"ನಾನೇ."

ತಾತ ನನ್ನ ಪ್ಲಾಸ್ಟರನ್ನೂ ಪರದೆಯನ್ನೂ ಒಂದು ಸಲ ನೋಡಿದರು. "ಅದ್ಕೇ ಹಿಂಗೈತೆ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಅಂದಿನಿಂದ ದಿನಾ ಮಧ್ಯಾಹ್ನದ ಕಾಫಿಗೆ ಹಾಜರು. ಕೆಂಪು ಗಡ್ಡದ ಅಗೆತಗಾರನಿಗೆ ಕೆಂಪಣ್ಣ ಎಂದು ಹೆಸರಿಟ್ಟರು. ಅವರಿಗೆ ಆಟದ ಮೇಲೆ ಒಂದು ತಕರಾರು ಕೊನೆಯವರೆಗೂ ಉಳಿಯಿತು: ಇಲ್ಲಿ ಅಗೆದ ಮಣ್ಣು ಮಾಯವಾಗಿಬಿಡುತ್ತದೆ. ಬಾವಿ ಕೆಲಸದಲ್ಲಿ ಅರ್ಧ ಬೆವರು ಮಂಕರಿಯಲ್ಲಿ ಮಣ್ಣು ಮೇಲಕ್ಕೆ ಎತ್ತುವುದಕ್ಕೇ ಹೋಗುತ್ತದಂತೆ. "ಮಣ್ಣೆಲ್ಲಾ ಎಲ್ ಹಾಕ್ದ್ಯೋ ಕೆಂಪಣ್ಣ? ಮ್ಯಾಲಕ್ ಎತ್ತೋರಿಲ್ದೆ ಅದೆಂಗ್ಲಾ ಅಗೀತೀಯ?" ಎಂದು ಲ್ಯಾಪ್‌ಟಾಪನ್ನು ಗದರುತ್ತಿದ್ದರು. ಶಿವಮ್ಮ ಗೋಡೆಯಾಚೆಯಿಂದ, ಅಪ್ಪ ಯಾರ ಹತ್ತಿರ ಜಗಳಕ್ಕೆ ನಿಂತವ್ನೆ ಎಂದು ಇಣುಕುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಸರಿಯಾಗಿದೆ, ಕೆಲಸಕ್ಕೆ ಹೋಗಬಹುದು ಎಂದರು ಡಾಕ್ಟರು. ಹೋದೆ. ಮೊದಲ ದಿನವೇ ಒಬ್ಬ ಹೆಂಗಸಿಗೆ ಮೂರು ಸಲ ಸೂಜಿ ಚುಚ್ಚಿದೆ, ಮೂರು ಸಲವೂ ನರ ಸಿಗಲಿಲ್ಲ. ಆಕೆ ಬೈಯಲಿಲ್ಲ. "ಬೇರೆಯವ್ರು ಯಾರಾದ್ರೂ ಇದ್ರೆ ಕರೀರಮ್ಮ" ಎಂದಳು, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ನನ್ನನ್ನು ತಿಂದುಹಾಕಿತು. ಲ್ಯಾಬಿನ ಮಾಲೀಕರೂ ಒಳ್ಳೆಯವರೇ. ಬೇಕಿದ್ದರೆ ಇನ್ನು ಮೇಲೆ ಕೌಂಟರಿನಲ್ಲಿ ಕೂತು ಹೆಸರು ಬರೆದುಕೊಳ್ಳಿ, ಯೋಚಿಸಿ ಸೋಮವಾರ ಹೇಳಿ ಎಂದರು. ಹನ್ನೊಂದು ವರ್ಷ ಮಾಡಿದ ಕೆಲಸವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎನ್ನುವುದು ಒಂದು ಸೋಮವಾರಕ್ಕೆ ಬಂದು ನಿಂತಿತು.

ಮನೆಗೆ ಬಂದು ಮನಸ್ಸು ಬೇರೆ ಕಡೆ ತಿರುಗಲಿ ಎಂದು ಆಟ ತೆರೆದೆ. ಅಗೆಯುವ ಕೆಲಸ ಇಲ್ಲದ್ದರಿಂದ ಕೆಂಪಣ್ಣನನ್ನು ಬಹಳ ದಿನದಿಂದ ಮೂಟೆ ಹೊರಲು ಹಾಕಿದ್ದೆ. ಅವನ ಹೆಸರಿನ ಪಕ್ಕ ಒಂದು ಹೊಸ ಮಾತು ಬಂದಿತ್ತು. ಅವನ ಕಸುಬಿಗೆ ತುಕ್ಕು ಹಿಡಿದಿದೆಯಂತೆ. ಅಳು ಬಂತು. ಒಬ್ಬ ಕುಳ್ಳನಿಗಾಗಿ, ಅದೂ ಹೆಬ್ಬೆರಳಷ್ಟು ಗಾತ್ರದವನಿಗಾಗಿ, ಬಿಕ್ಕಿ ಬಿಕ್ಕಿ ಅತ್ತೆ.

ಕಾಫಿಗೆ ಬಂದ ತಾತ ಬಾಗಿಲಲ್ಲೇ ನಿಂತರು. ಮೊದಲು ಕೆಂಪಣ್ಣನ ಸುದ್ದಿ ಹೇಳಿದೆ, ಆಮೇಲೆ ನನ್ನದು.

"ಅವ್ನ ಕೈಗೆ ಪಿಕಾಸಿ ಕೊಡವ್ವ ಮೊದ್ಲು. ನಿಂದು ಆಮ್ಯಾಕ್ ನೋಡಣ" ಎಂದರು.

ಕೊಟ್ಟೆ. ನಾಲ್ಕಾರು ಚೌಕ ಅಗೆಯುವಷ್ಟರಲ್ಲಿ ತುಕ್ಕು ಎಂಬ ಮಾತು ಹೋಯಿತು. ಈ ಆಟದಲ್ಲಿ ಹಾಗೆ. ಬಳಸದಿದ್ದರೆ ಮೊದಲು ಬರುವುದು ಮೇಲಿನ ತುಕ್ಕು, ಕಸುಬು ಕೆಳಗೆ ಹಾಗೇ ಇರುತ್ತದೆ. ತೀರಾ ಬಹಳ ಕಾಲ ಬಿಟ್ಟರೆ ಮಾತ್ರ ಕಸುಬೇ ಇಳಿಯತೊಡಗುತ್ತದೆ. ಕೆಂಪಣ್ಣ ಹಳೆಯ ವೇಗಕ್ಕೆ ಬಂದ. ತಾತ ತೊಡೆ ತಟ್ಟಿದರು. ಅವನು ಇನ್ನೂ ಆಳಕ್ಕೆ ಹೋದ. ಆಗ ಪರದೆಯ ಮೇಲೆ ಒಂದು ಸೂಚನೆ ಬಂತು: ಒದ್ದೆ ಕಲ್ಲು ಕಂಡಿದೆ, ಅಗೆತ ನಿಲ್ಲಿಸಲಾಗಿದೆ.

ಓದಿ ಹೇಳಿದೆನೋ ಇಲ್ಲವೋ, ತಾತ ಎದ್ದು ನಿಂತೇಬಿಟ್ಟರು. "ಶಿವನೇ, ಜಲ ಬಂತು! ಸಕ್ರೆ ತಗಂಬಾ, ಸಕ್ರೆ!"

ನಮ್ಮ ಕಡೆ ಬಾವಿಯಲ್ಲಿ ಮೊದಲ ಒದ್ದೆ ಕಂಡರೆ ಕಾಯಿ ಒಡೆದು ಸಕ್ಕರೆ ಹಂಚುತ್ತಾರೆ. ಅದೂ ಮೊದಲು ಅಗೆದವನ ಬಾಯಿಗೆ, ಆಮೇಲೆ ಹೊಲದ ಯಜಮಾನನಿಗೆ. ಕೆಂಪಣ್ಣನ ಬಾಯಿಗೆ ಹಾಕುವಂತಿಲ್ಲದ್ದರಿಂದ ಅವನ ಪಾಲನ್ನೂ ನಾವೇ ತಿಂದೆವು. ಸಕ್ಕರೆ ಚೀಪುತ್ತ, ಅಲ್ಲೇ ಮುಂದಕ್ಕೆ ಅಗೆಯಲು ಮತ್ತೆ ಗುರುತು ಹಾಕಿದೆ. ಆ ಕಲ್ಲಿನ ಹಿಂದೆ ಒಂದು ಇಡೀ ನದಿ ಇತ್ತು.

ಹೊಸಬನಾಗಿದ್ದರೆ ಆ ಬಂಡೆ ಒಡೆಯುವಷ್ಟರಲ್ಲಿ ನಮಗೆ ಬುದ್ಧಿ ಬರುತ್ತಿತ್ತೇನೋ. ನಮ್ಮವನು ಕಸುಬುದಾರ, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಒಡೆದ. ಕೆಂಪಣ್ಣ, ಉಗ್ರಾಣ, ಅಡುಗೆಮನೆ, ಎಲ್ಲ ನೀರಿನಡಿಗೆ ಹೋಯಿತು. ನಿಲ್ಲಿ ಎಂದು ಹೇಳಲು ಬಂದ ಎಚ್ಚರಿಕೆಗೆ ಸಕ್ಕರೆ ಹಂಚಿದವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು.

ತಾತ ನಿಜವಾಗಿ ಯಾರೋ ಹೋದಂತೆ ಮುಖ ಸಣ್ಣದು ಮಾಡಿಕೊಂಡಿದ್ದರು.

"ತಪ್ಪು ಅವನ್ದಲ್ಲ ಕಣವ್ವ. ಅವ್ನು ಹೇಳ್ದಲ್ಲಿ ಅಗ್ದ. ನಾನಾಗಿದ್ರೆ ಏಟ್ ಹಾಕೋಕ್ ಮುಂಚೆ ಕಲ್ಲಿನ್ ಮ್ಯಾಲೆ ಅಂಗೈ ಇಡ್ತಿದ್ದೆ. ತೀರಾ ತಣ್ಣಗಿದ್ರೆ ಪಿಕಾಸಿ ಕೆಳಗಿಟ್ಟು ಸೊಂಟಕ್ಕೆ ಹಗ್ಗ ಕಟ್ಕತಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಸೂಜಿ ಹಾಕೋಕ್ ಮುಂಚೆ ನೀನೇನ್ ಮಾಡ್ತೀಯ?"

"ಬೆರಳಲ್ಲಿ ಮುಟ್ಟಿ ನರ ಹುಡುಕ್ತೀನಿ."

"ಆ ಯಮ್ಮಂಗೆ ಹುಡುಕ್ದ್ಯಾ?"

ಯೋಚಿಸಿದೆ. ಹುಡುಕಿರಲಿಲ್ಲ. ನಡುಗುತ್ತದೇನೋ ಎಂದು ಅಷ್ಟು ಹೊತ್ತೂ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದೆ. ಹಾಗೆಂದು ಹೇಳಿದೆ.

"ಮುರ್ದಿದ್ದು ಮಣಿಕಟ್ಟು. ಬೆರಳ್ಗೇನಾಗೈತೆ?" ಎಂದು ತಾತ ಎದ್ದು ಹೋದರು. ಕಾಫಿ ಕುಡಿಯುವುದನ್ನೂ ಮರೆತಿದ್ದರು.

ಸೋಮವಾರ ಲ್ಯಾಬಿಗೆ ಹೋದರೆ ಮೊದಲ ಟೋಕನ್ ಹಿಡಿದು ಕೂತಿದ್ದವರು ಅವರೇ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಶರ್ಟು. ಚೀಟಿಯಲ್ಲಿ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಎಂದಿತ್ತು.

"ಬೆಳಗ್ಗೆ ಏನೂ ತಿಂದಿಲ್ಲ ತಾನೇ ತಾತ?"

"ನಾಕ್ ಇಡ್ಲಿ, ಒಂದ್ ಕಾಫಿ."

"ಅಯ್ಯೋ, ಹಾಗಾದ್ರೆ ಟೆಸ್ಟ್ ಸರಿಯಾಗಿ ಬರಲ್ಲ."

"ಟೆಸ್ಟ್ ಯಾವನಿಗ್ ಬೇಕು? ನೀನ್ ಸೂಜಿ ಹಾಕು" ಎಂದು ಶರ್ಟಿನ ತೋಳು ಮಡಚಿ ಕೈ ಮುಂದಿಟ್ಟರು.

ಚೀಟಿ ತಿದ್ದಿ ಹಿಮೋಗ್ಲೋಬಿನ್ ಎಂದು ಬರೆದೆ. ಅವರ ತೋಳಿನ ಮೇಲೆ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ನೋಡುವವರಿಗೆ ಸುಲಭ, ನಮಗೆ ಗೊತ್ತು, ದುಡಿದ ತೋಳಿನ ಅಂಥ ನರ ಸೂಜಿ ಕಂಡರೆ ಪಕ್ಕಕ್ಕೆ ಜಾರುತ್ತದೆ. ಮಣಿಕಟ್ಟನ್ನು ನೋಡಲಿಲ್ಲ. ಬೆರಳಿಟ್ಟು ಹುಡುಕಿದೆ, ಹೆಬ್ಬೆರಳಲ್ಲಿ ಚರ್ಮ ಬಿಗಿಹಿಡಿದು ಸೂಜಿ ಹಾಕಿದೆ. ಒಂದೇ ಸಲಕ್ಕೆ ರಕ್ತ ಬಂತು. ತಾತ ಹತ್ತಿ ಒತ್ತಿ ಹಿಡಿದು, ಸಾಲಿನಲ್ಲಿ ಕೂತ ಪ್ರತಿಯೊಬ್ಬರಿಗೂ "ನೋವೇ ಆಗಾಕಿಲ್ಲ, ಧೈರ್ಯವಾಗಿ ಹೋಗ್ರಿ" ಎಂದು ಹೇಳುತ್ತ ಹೋದರು. ಕೌಂಟರಿನ ಕುರ್ಚಿ ಬೇರೆಯವರಿಗೆ ಹೋಯಿತು.

ಈಗ ತಾತ ಕುಣಿಗಲ್‌ನಲ್ಲಿ ಎರಡನೇ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರು. ಅಲ್ಲಿ ಇಬ್ಬರು ಬಂದು ಚುಚ್ಚಿ, ನರ ಸಿಗದೆ ಹೋಗಿದ್ದರಂತೆ. "ತುಮಕೂರಿಂದ ನಮ್ ಮೇಸ್ತ್ರಿ ಬರ್ಲಿ" ಎಂದು ಹಟ ಹಿಡಿದು ಮಲಗಿದ್ದಾರೆಂದು ಶಿವಮ್ಮ ಹೇಳಿದಳು. ಹಾಗಾಗಿ ಈ ಭಾನುವಾರ ನಾನು ಆ ಗುಂಡಿ ದಾಟಿ ಬಸ್ಸು ಹತ್ತಿದ್ದು.

ಆ ಹಗ್ಗದಂಥ ನರಗಳು ಎಲ್ಲಿ ಹೋದವೋ. ಹಾಸಿಗೆಯ ಮೇಲೆ ತಾತನ ತೋಳು ಕಡ್ಡಿಯಾಗಿತ್ತು. ನನಗೆ ಭಯವಾಯಿತು, ಸೂಜಿಯದ್ದಲ್ಲ. ಎಡಗೈ ಮೇಲೆ ಬೆರಳಿಟ್ಟೆ. ಏನೋ ಸಿಕ್ಕಿದ ಹಾಗಿತ್ತು. ಚುಚ್ಚದೆ ಕೈ ತೆಗೆದೆ.

ತಾತ ಕಣ್ಣು ಬಿಟ್ಟರು. "ಯಾಕ್ ಬುಟ್ಟೆ?"

"ಅಲ್ಲಿ ಬೇಡ ಅನ್ನಿಸ್ತು ತಾತ."

ಅವರು ಸಮಾಧಾನದಿಂದ ಮತ್ತೆ ಕಣ್ಣು ಮುಚ್ಚಿದರು. ಬಲಗೈಯಲ್ಲಿ, ಮೊಣಕೈಯ ಒಳಮಗ್ಗುಲಿಗೆ, ಸಣ್ಣದೊಂದು ಸಿಕ್ಕಿತು. ಒಂದೇ ಸಲಕ್ಕೆ ಬಂತು.

ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಂಡೇ ಹೋಗಿದ್ದೆ. ಬಿಚ್ಚಿ ಒಂದು ಚಿಟಿಕೆ ಅವರ ತುಟಿಯ ಹತ್ತಿರ ಹಿಡಿದೆ. ತಾತ ಬಾಯಿ ತೆರೆಯಲಿಲ್ಲ. ನನ್ನ ಕೈಯನ್ನು ಹಿಡಿದು, ನಿಧಾನವಾಗಿ ನನ್ನ ಬಾಯಿಯ ಕಡೆಗೇ ತಿರುಗಿಸಿದರು.

"ಮೊದ್ಲು ಅಗ್ದೋರ್ಗೆ ಕಣವ್ವ."