ಕೇಳಿ ಮುಟ್ಟು

ನಾನು ಕಲಿತ ನರ್ಸಿಂಗ್ ಶಾಲೆಯಲ್ಲಿ ಒಂದು ಗೊಂಬೆಯಿತ್ತು. ಪ್ಲಾಸ್ಟಿಕ್ಕಿನದು, ಆಳೆತ್ತರದ್ದು, ಒಂದು ಕೈ ಭುಜದಿಂದ ಕಿತ್ತು ಬಂದಿತ್ತು. ರೋಗಿಯ ಮೈ ಒರೆಸುವುದು, ಮಲಗಿದಲ್ಲೇ ತಲೆ ತೊಳೆಯುವುದು, ಮಗ್ಗುಲು ಬದಲಿಸುವುದು, ಎಲ್ಲವನ್ನೂ ಅದರ ಮೇಲೆ ಕಲಿಯಬೇಕಿತ್ತು. ನಮ್ಮ ಮೇಡಂಗೆ ಆ ಗೊಂಬೆಯನ್ನು ಕಂಡರೆ ಆಗುತ್ತಿರಲಿಲ್ಲ. "ಇದಕ್ಕ ನೀರು ಬಿಸಿ ಆದ್ರೂ ಗೊತ್ತಾಗಂಗಿಲ್ಲ, ತಣ್ಣಗಾದ್ರೂ ಗೊತ್ತಾಗಂಗಿಲ್ಲ. ಜೀವ ಇರೂ ಮೈಮ್ಯಾಲೆ ಕಲೀರಿ," ಎಂದು ಅದನ್ನು ಮೂಲೆಗೆ ನಿಲ್ಲಿಸಿದರು. ಅದರ ಜಾಗದಲ್ಲಿ ನನ್ನನ್ನು ಮಲಗಿಸಿದರು.

ಶಾಲೆ ಇದ್ದದ್ದು ಗೋಕಾಕದಲ್ಲಿ. ನಾನು ಹುಕ್ಕೇರಿ ತಾಲೂಕಿನ ದಡ್ಡಿಯವಳು. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿಯುವವರು, ಮನೆಯ ಗೋಡೆಯ ಮೇಲೆ ಇದ್ದದ್ದು ಬುದ್ಧನ ಫೋಟೋ ಒಂದೇ. ಆ ಫೋಟೋದ ಸುದ್ದಿ ಹಾಸ್ಟೆಲಿನಲ್ಲಿ ನನಗಿಂತ ಮೊದಲೇ ಬಂದು ಕೂತಿತ್ತು. ಊಟಕ್ಕೆ ಕೂತರೆ ನನ್ನ ಎಡಕ್ಕೂ ಖಾಲಿ, ಬಲಕ್ಕೂ ಖಾಲಿ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಬಹಳ ಮರ್ಯಾದಸ್ಥರ ಮಕ್ಕಳು. ತಟ್ಟೆ ಎತ್ತಿಕೊಂಡು ನಗುನಗುತ್ತಲೇ ಆ ಕಡೆ ಹೋಗಿ ಕೂರುತ್ತಿದ್ದರು.

ಮೇಡಂ ಮೂಡಲಗಿಯ ಕಡೆಯವರು. ಅಂಗಡಿಯೂ ಹೊಲವೂ ಇದ್ದ ಮನೆತನ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಶರಣರ ಮಾತು. ಒಂದು ದಿನ ಊಟದ ಮನೆಯಲ್ಲಿ ಆ ಖಾಲಿ ಜಾಗ ಅವರ ಕಣ್ಣಿಗೆ ಬಿತ್ತು. ಅವರಿಗೆ ಸಿಟ್ಟು ಬಂತು. ನಾಟಕದ ಸಿಟ್ಟಲ್ಲ, ನಿಜವಾದದ್ದೇ. ಮರುದಿನ ಬೆಳಿಗ್ಗೆ ಪ್ರಾತ್ಯಕ್ಷಿಕೆಯ ಕೋಣೆಯಲ್ಲಿ ಎಲ್ಲರೂ ಸೇರಿದಾಗ ನನ್ನತ್ತ ಬೆರಳು ಮಾಡಿದರು.

"ಇವತ್ತ ಇಕಿ ಪೇಷಂಟ್. ಒಬ್ಬೊಬ್ಬರಾಗಿ ಬಂದು ಇಕಿ ಮೈ ಒರಸ್ರಿ, ಕಾಲು ತೊಳೀರಿ. ಬೆರಳ ಸಂದಿ ಸೈತ ಬಿಡಬ್ಯಾಡ್ರಿ. ಯಾರಿಗೆ ಮುಟ್ಟಾಕ ಆಗಂಗಿಲ್ಲೋ ಅವರು ಗಂಟು ಕಟಗೊಂಡು ಮನಿಗೆ ನಡೀರಿ."

"ನಾ ಒಲ್ಲೆರಿ ಮೇಡಂ," ಎಂದೆ.

"ಪೇಷಂಟ್ ಮಾತಾಡೂದಿಲ್ಲ," ಎಂದರು.

ಅಂದಿನಿಂದ ಅದೇ ಕಾನೂನಾಯಿತು. ಕರಿಹಲಗೆಯ ಮೇಲೆ ಪ್ರತಿ ಪಾಠದ ಮೊದಲ ಸಾಲು ಒಂದೇ ಇರುತ್ತಿತ್ತು: ರೋಗಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆಯಬೇಕು. ಮೇಡಂ ಅದನ್ನು ಕೋಲಿನಿಂದ ಒಮ್ಮೆ ತಟ್ಟಿ, "ಒಂದನೇದು ಎಲ್ಲಾರಿಗೂ ಗೊತ್ತ ಐತಿ, ಎರಡನೇದಕ್ಕ ಬರ್ರಿ," ಎನ್ನುತ್ತಿದ್ದರು. ಎರಡನೆಯದು ಬಿಸಿನೀರು. ಮೂರನೆಯದು ನಾನು.

ಕಣ್ಣು ಮುಚ್ಚಿ ಮಲಗಿದವಳಿಗೆ ಮೇಲೆ ಬಾಗಿದವರ ಮುಖ ಕಾಣುವುದಿಲ್ಲ, ಕೈ ಗೊತ್ತಾಗುತ್ತದೆ. ಒಬ್ಬಳು ಎರಡೇ ಬೆರಳಿನಿಂದ ಮುಟ್ಟುತ್ತಿದ್ದಳು, ಸತ್ತ ಇಲಿಯನ್ನು ಎತ್ತುವ ಹಾಗೆ. ಇನ್ನೊಬ್ಬಳು ಮೇಡಂ ಮೇಲಿನ ಸಿಟ್ಟನ್ನೆಲ್ಲ ನನ್ನ ಬೆನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು, ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದಳು. ಮತ್ತೊಬ್ಬಳು ಬೇಕೆಂದೇ ತಣ್ಣೀರು ತರುತ್ತಿದ್ದಳು. ಒರೆಸುವಷ್ಟೇ ಭಾಗವನ್ನು ತೆರೆದು ಉಳಿದದ್ದನ್ನು ಚಾದರದಿಂದ ಮುಚ್ಚಿಡಬೇಕೆಂಬ ನಿಯಮ ಇತ್ತು. ಪಾಠದ ಹುರುಪಿನಲ್ಲಿ ಮೇಡಂಗೆ ಅದು ಮರೆತುಹೋಗುತ್ತಿತ್ತು. ಬಾಗಿಲ ಹತ್ತಿರ ನಿಂತ ನಮ್ಮ ತರಗತಿಯ ಹುಡುಗರು ಚಾವಣಿ ನೋಡುವವರಂತೆ ನಟಿಸುತ್ತಿದ್ದರು. ಕೊನೆಗೆ ಎಲ್ಲರೂ ನಲ್ಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಅದೂ ಪಾಠದ ಭಾಗವೇ ಆದ್ದರಿಂದ ಯಾರಿಗೂ ಏನೂ ಅನ್ನುವಂತಿರಲಿಲ್ಲ. ಆದರೆ ಗೊಂಬೆಯನ್ನು ಮುಟ್ಟಿದ ದಿನ ಅವರು ಅಷ್ಟು ಹೊತ್ತು ತೊಳೆದದ್ದನ್ನು ನಾನು ನೋಡಿರಲಿಲ್ಲ.

ಮೇಡಂ ಉಪಾಯ ಫಲಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಊಟದ ಮನೆಯಲ್ಲಿ ನನ್ನ ಪಕ್ಕ ಒಂದಿಬ್ಬರು ಕೂರತೊಡಗಿದರು. ಮೇಡಂ ದೂರದಿಂದ ನೋಡಿ ತಲೆಯಾಡಿಸಿದರು. ನನಗೆ ಆ ಒಂದಿಬ್ಬರ ಮೇಲೂ ಅಸಹ್ಯವೇ ಇತ್ತು. ನನ್ನ ಮೈಯನ್ನು ಎಲ್ಲರ ಮುಂದೆ ಹರಡಿ ಅವರ ಮನಸ್ಸು ತೊಳೆದದ್ದಾಗಿತ್ತು. ಬೇಕೋ ಬೇಡವೋ ಎಂದು ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಬಹುಶಃ ಹೂಂ ಅಂದುಬಿಡುತ್ತಿದ್ದೆ.

ಈಗ ನಾನೂ ಮೇಡಂ. ಹುಕ್ಕೇರಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಕಲಿಸುತ್ತೇನೆ. ತರಗತಿಯಲ್ಲಾಗಲಿ ವಾರ್ಡಿನಲ್ಲಾಗಲಿ ನನ್ನ ಪಾಠ ಆ ಒಂದನೇ ಸಾಲಿನಿಂದಲೇ ಶುರುವಾಗುತ್ತದೆ, ಕೆಲವು ದಿನ ಅಲ್ಲೇ ಮುಗಿಯುತ್ತದೆ. ಕೇಳು. ಉತ್ತರ ಬರುವ ತನಕ ಕಾಯಿ. ಬೇಡ ಅಂದರೆ ಕೈ ಹಿಂದಕ್ಕೆ ತಗೋ, ನಾಳೆ ಮತ್ತೆ ಕೇಳು. ಎಷ್ಟೇ ಚೆನ್ನಾಗಿ ಡ್ರೆಸ್ಸಿಂಗ್ ಮಾಡಿದರೂ ಕೇಳದೆ ಮುಟ್ಟಿದವರಿಗೆ ನನ್ನ ಹತ್ತಿರ ಮಾರ್ಕ್ಸ್ ಇಲ್ಲ. "ಹುಕ್ಕೇರಿ ಮೇಡಂ ನೊಣಾ ಹೊಡಿಯೂಮುಂದನೂ ನೊಣದ ಪರ್ಮಿಶನ್ ಕೇಳ್ತಾರ," ಎಂದು ಮಕ್ಕಳು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ.

ಕಲ್ಲೋಳಿಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಇದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಮ್ಮೆ ವಾರ್ಡಿನಲ್ಲಿ ಒಬ್ಬ ಮುದುಕನ ತೊಡೆಯ ಗಾಯ ನೋಡಲು ಸೀದಾ ಧೋತರ ಎತ್ತಿದಳು. ಮುದುಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಾನು ಅವಳನ್ನು ಪಕ್ಕದ ಖಾಲಿ ಮಂಚದ ಮೇಲೆ ಮಲಗಿಸಿ, ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ, ಮಾತಾಡದೆ ಅವಳನ್ನೇ ನೋಡಿರಿ ಎಂದೆ. ಅವಳು ಮೊದಲು ನಕ್ಕಳು, ಆಮೇಲೆ ಕಣ್ಣು ಮುಚ್ಚಿದಳು, ಆಮೇಲೆ ಅತ್ತಳು. ಅಳಲಿ ಅಂತಲೇ ಮಾಡಿದ್ದು. ಅವಳಿಗೆ ಸೊನ್ನೆ ಕೊಟ್ಟೆ.

ಗೋಕಾಕದ ಮೇಡಂ ನಿವೃತ್ತರಾದಾಗ ನನಗೂ ಕರೆ ಬಂತು. ಹಾರ, ಶಾಲು, ಹಣ್ಣು ಹಿಡಿದುಕೊಳ್ಳಲು ಕಲ್ಲೋಳಿಯ ಹುಡುಗಿಯನ್ನು ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು. ಮೇಡಂ ದಪ್ಪಗಾಗಿದ್ದರು, ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ದಣಿದರು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದೆ ಎಂದು ಯಾರೋ ಹೇಳಿದರು. ಆ ಸೆಕೆಯಲ್ಲೂ ಕಾಲಿಗೆ ದಪ್ಪ ಸಾಕ್ಸ್ ಹಾಕಿದ್ದರು.

ಮೈಕು ಹಿಡಿದವರು ನನ್ನ ಕಥೆಯನ್ನೇ ಎತ್ತಿದರು.

"ನನ್ನ ಸರ್ವೀಸಿನ್ಯಾಗ ನಾ ಮಾಡಿದ್ದು ಒಂದ ದೊಡ್ಡ ಕೆಲಸ ಐತಿ. ಯಾರೂ ಬಾಜೂಕ ಕುಂದರದಂಥಾ ಹುಡುಗಿನ್ನ ಮಲಗಿಸಿ, ಎಂತೆಂಥಾ ಮನೆತನದ ಹುಡಿಗ್ಯಾರ ಕಡಿಂದ ಅಕಿ ಕಾಲು ತೊಳಿಸಿದೆ. ಅಲ್ಲೇ ಕುಂತಾಳ ನೋಡ್ರಿ. ಏಳವಾ, ಎಲ್ಲಾರಿಗೂ ಕಾಣಂಗ ನಿಂದರ."

ನಿಂತೆ. ಚಪ್ಪಾಳೆ ಹೊಡೆದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಪಕ್ಕದಲ್ಲಿದ್ದ ಕಲ್ಲೋಳಿಯ ಹುಡುಗಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಮೇಡಂ ಮೈಕಿನಲ್ಲಿ ಹಂಚಿಬಿಟ್ಟಿದ್ದರು. ಈ ಸಲವೂ ನನ್ನನ್ನು ಕೇಳಿರಲಿಲ್ಲ.

ಕೊನೆಗೆ ಪಾದಪೂಜೆ. ಗುರುಗಳನ್ನು ಕೂರಿಸಿ, ಹಿತ್ತಾಳೆ ತಟ್ಟೆಯಲ್ಲಿ ಕಾಲಿಡಿಸಿ, ನೀರು ಹಾಕಿ, ವಿಭೂತಿ ಹಚ್ಚಿ, ಹೂವಿಟ್ಟು ನಮಸ್ಕರಿಸುವುದು ನಮ್ಮ ಕಡೆಯ ಪದ್ಧತಿ. ಯಾರು ಮಾಡಬೇಕೆಂದು ಮೊದಲೇ ಗೊತ್ತುಮಾಡಿದ್ದರು. ಮೇಡಂ ಮಾತ್ರ, "ಬ್ಯಾರೆದವರು ಬ್ಯಾಡ, ಅಕಿನ ಮಾಡಲಿ," ಎಂದರು. ಮತ್ತೆ ಚಪ್ಪಾಳೆ.

ವೇದಿಕೆಗೆ ಹೋಗಿ ಅವರ ಕಾಲ ಬಳಿ ಕೂತೆ. ಮೇಡಂ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: "ಸಾಕ್ಸ್ ತಗೀಬ್ಯಾಡವಾ. ಮ್ಯಾಲ ಹೂ ಹಾಕು, ಸಾಕು."

ಅವರ ದನಿಯಲ್ಲಿ ಹೆದರಿಕೆ ಇತ್ತು. ನಾನು ನರ್ಸು, ಆ ಹೆದರಿಕೆ ಯಾತರದ್ದೆಂದು ನನಗೆ ಆಗಲೇ ಗೊತ್ತಾಯಿತು. ಗೊತ್ತಾದ್ದರಿಂದಲೇ ಬಿಡಲಿಲ್ಲ.

"ಪೇಷಂಟ್ ಮಾತಾಡೂದಿಲ್ರಿ," ಎಂದೆ. ಎಂದು ಸಾಕ್ಸ್ ಎಳೆದೆ.

ವಾಸನೆ ಮೊದಲು ಬಂತು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಹಸಿ ಗಾಯ. ಒಳಗೆ ತಾವೇ ತುರುಕಿಕೊಂಡ ಹತ್ತಿ, ಹಳದಿಯಾಗಿತ್ತು. ಮೇಡಂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ನಾನು ಹಿಮ್ಮಡಿ ಹಿಡಿದುಕೊಂಡಿದ್ದೆ. ಚೊಂಬಿನ ನೀರು ಬಿಸಿಯಾಗಿತ್ತು, ನನ್ನ ಕೈಗೇ ಚುರ್ರೆಂದಿತು. ಸುರಿದರೂ ಅವರ ಕಾಲು ಅಲುಗಲಿಲ್ಲ. ಸಕ್ಕರೆ ಕಾಯಿಲೆ ಅದರ ನರಗಳನ್ನು ತಿಂದುಹಾಕಿತ್ತು. ಮೂಲೆಗೆ ನಿಲ್ಲಿಸಿದ್ದ ಆ ಗೊಂಬೆ ನನಗೆ ನೆನಪಾಯಿತು.

ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳು ಕೂತಿದ್ದರು. ಅವರ ಕಡೆ ತಿರುಗಿ, ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ: "ಹತ್ರ ಬರ್ರಿ, ನೋಡ್ರಿ. ಸಕ್ಕರಿ ಕಾಯಿಲೆ ಇದ್ದವರ ಕಾಲಿನ ಹುಣ್ಣು ಅಂದ್ರ ಇದು. ನೋವು ಗೊತ್ತಾಗಂಗಿಲ್ಲ, ಅದಕ್ಕ ಮುಚ್ಚಿಟಗೊಂತಾರ. ತಡಾ ಮಾಡಿದ್ರ ಬೆರಳು ಹೋಗತೈತಿ, ಇನ್ನೂ ತಡಾ ಮಾಡಿದ್ರ ಕಾಲ ಹೋಗತೈತಿ."

ಮಕ್ಕಳು ಬಂದು ಸುತ್ತ ನಿಂತು ಬಗ್ಗಿ ನೋಡಿದರು. ಮೈಕು ಇನ್ನೂ ಚಾಲೂ ಇತ್ತು. ಹಿಂದಿನ ಸಾಲಿನವರು ಏನೂ ಕಾಣದೆ, ಪೂಜೆ ನಡೆದಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಒಂದು ಹಂತವನ್ನೂ ಬಿಡಲಿಲ್ಲ. ಬೆರಳ ಸಂದಿಯನ್ನೂ ಒರೆಸಿದೆ, ಹಾಗೇ ಕಲಿಸಿದ್ದರಲ್ಲ. ವಿಭೂತಿ ಹಚ್ಚಿದೆ, ಹೂವಿಟ್ಟೆ, ನಮಸ್ಕರಿಸಿದೆ. ಏಳುವಾಗ ಮೇಡಂ ಮುಖ ನೋಡಿದೆ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ನನ್ನ ಕೇಳಬೇಕಿತ್ತಲ್ಲವಾ ನೀ," ಎಂದರು.

ಅದು ನನ್ನದೇ ಮಾತು ಎಂದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಕಲ್ಲೋಳಿಯ ಹುಡುಗಿ ನನ್ನ ಪಕ್ಕ ಕೂತಿದ್ದಳು. ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಸಾಕ್ಸ್ ತಗಿಯೂಮುಂದ ಅವರನ್ನ ಕೇಳಿದ್ರೇನ್ರಿ ಮೇಡಂ?"

"ಅವರು ನನ್ನ ಕೇಳಿದ್ರೇನು?"

"ಅವರದ ಬ್ಯಾರೆರಿ. ನಾ ನಿಮ್ಮನ್ನ ಕೇಳಾಕತ್ತೇನಿ."

"ಇಲ್ಲ. ಕೇಳಲಿಲ್ಲ. ಎಷ್ಟ ಮಾರ್ಕ್ಸ್ ಕೊಡ್ತಿ?"

"ಸೊನ್ನಿರಿ," ಎಂದಳು.

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಆ ದಿನದ ನಂತರ ಮೇಡಂ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರಂತೆ. ಡಾಕ್ಟರ ಹತ್ತಿರ ಹೋಗೋಣ ಅಂದ ಮನೆಯವರ ಮೇಲೆ ಹರಿಹಾಯ್ದರಂತೆ. ಕಾಲನ್ನು ಯಾರಿಗೂ ತೋರಿಸಲಿಲ್ಲ. ಜ್ವರ ಏರಿ ಎಚ್ಚರ ತಪ್ಪಿದಾಗ ಹೊತ್ತು ತಂದು ಗೋಕಾಕದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಹೆಬ್ಬೆರಳು ಹೋಯಿತು. ನಾನು ಮಕ್ಕಳಿಗೆ ಹೇಳುತ್ತಿದ್ದೆ, ಕೇಳದೆ ಮುಟ್ಟಿದರೆ ರೋಗಿ ಗಾಯ ಮುಚ್ಚಿಡುತ್ತಾನೆ ಎಂದು. ಅದನ್ನು ನಾನೇ ಮಾಡಿ ತೋರಿಸಿದ ಹಾಗಾಯಿತು.

ಆ ವೇಳೆಗೆ ನಮ್ಮ ಮಕ್ಕಳನ್ನು ವಾರ್ಡಿನ ಕಲಿಕೆಗೆ ಅದೇ ಆಸ್ಪತ್ರೆಗೆ ಕಳಿಸಿದ್ದೆವು. ಮೇಡಂ ತಮ್ಮ ಕಾಲು ಮುಟ್ಟಗೊಡುತ್ತಿರಲಿಲ್ಲ. ಡ್ರೆಸ್ಸಿಂಗಿಗೆ ಬಂದವರನ್ನೆಲ್ಲ ಬೈದು ಓಡಿಸುತ್ತಿದ್ದರು, ಹಿಡಿದು ಮಾಡಬೇಕಾಗುತ್ತಿತ್ತು. ಹೀಗೇ ಮುಂದುವರಿದರೆ ಪಾದವೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಲ್ಲೋಳಿಯ ಹುಡುಗಿ ಒಬ್ಬಳೇ ಅವರ ಮಂಚದ ಹತ್ತಿರ ಹೋಗಿ, ಕೈ ಕಟ್ಟಿಕೊಂಡು ನಿಂತು, "ನಿಮ್ಮ ಕಾಲ ನೋಡ್ಲೇನ್ರಿ ಆಯಿ?" ಎಂದು ಕೇಳಿದಳಂತೆ. ಬೇಡ ಅಂದರು. ಸರಿ ಎಂದು ಬಂದಳು. ಮರುದಿನವೂ ಕೇಳಿದಳು, ಮರುದಿನವೂ ಬೇಡ. ಅದರ ಮರುದಿನ ಮೇಡಂ ತಾವೇ ಚಾದರದ ಹೊರಗೆ ಕಾಲು ಚಾಚಿದರಂತೆ.

ಇದನ್ನು ಹುಡುಗಿ ನನ್ನ ಕೋಣೆಗೆ ಬಂದು ನಿಂತು ಹೇಳಿದಳು. ನನ್ನ ಎದೆ ಉಬ್ಬಿತು. ಮೇಡಂ ಕಾಲು ಉಳಿಯಲಿ ಎಂದು ಅವತ್ತು ಮೊದಲ ಸಲ ಮನಸಾರೆ ಅನ್ನಿಸಿತು. ನನ್ನ ಪಾಠದಿಂದಲೇ ಉಳಿಯುತ್ತದಲ್ಲ ಎಂದೂ ಅನ್ನಿಸಿತು.

"ಆಮ್ಯಾಲ?" ಎಂದೆ.

"ಪಟ್ಟಿ ಬಿಚ್ಚಾಕತ್ತಿದ್ನಿರಿ. 'ಭಾಳ ಛಲೋ ಮಾಡ್ತಿ. ಹಿಂಗ ಕೇಳಿ ಮುಟ್ಟಾಕ ನಿನಗ ಯಾರ ಕಲಿಸ್ಯಾರ?' ಅಂತ ಕೇಳಿದ್ರು."

"ನೀ ಏನಂದಿ?"

"ಹುಕ್ಕೇರಿ ಮೇಡಂ ಅಂದ್ನಿರಿ. ದಡ್ಡಿಯವರು, ನಿಮ್ಮ ಕಡೆನ ಕಲತಾರ ಅಂದ್ನಿರಿ."

ಹುಡುಗಿ ನೆಲ ನೋಡಿದಳು.

"ಕಾಲ ಒಳಗ ಎಳಕೊಂಡ್ರುರಿ. ಚಾದರ ಹೊಚಗೊಂಡು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಇನ್ನ ಬರಬ್ಯಾಡ ಅಂದ್ರು."

"ನೀ ಏನ ಮಾಡಿದಿ?"

"ಕೈ ಹಿಂದಕ್ಕ ತಗೊಂಡ್ನಿರಿ," ಎಂದಳು. "ನೀವ ಹೇಳಿದ್ರಲ್ರಿ."